ಸಾಲಿನಲ್ಲಿ ನಿಂತ ವಾಕ್ಯಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. 1956ರ ಜೂನ್ ತಿಂಗಳಲ್ಲಿ ಶಿರಸಿಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಸೇರಿದ ದಿನ ನಾನು ಹಸಿರು ಸೀರೆ ಉಟ್ಟಿದ್ದೆ ಎಂದು ಮೂವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ನಿವೃತ್ತಿಯಾದ ಮೇಲೆ ಹಳೆಯ ದಿನಚರಿ ತೆರೆದು ನೋಡಿದರೆ, "ಅಮ್ಮನ ನೀಲಿ ಸೀರೆ. ಸೆರಗು ಉದ್ದವಾಯಿತು" ಎಂದಿದೆ. ಸೀರೆಯ ಬಣ್ಣ ಬದಲಾದರೆ ಯಾರಿಗೂ ನಷ್ಟವಿಲ್ಲ. ಆದರೆ ಇದೇ ನೆನಪನ್ನು ನಂಬಿಕೊಂಡು ನಾನು ಸುಶೀಲೆಯ ವಿಷಯದಲ್ಲಿ ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದೆ. ಸುಶೀಲೆ ನನ್ನ ಗಂಡನ ಕಿರಿಯ ತಂಗಿ, ಸಿದ್ದಾಪುರದಲ್ಲಿ ನನ್ನ ವಿದ್ಯಾರ್ಥಿನಿ. ಅವಳು ಮೆಟ್ರಿಕ್ ಪರೀಕ್ಷೆಗೆ ಕೂರಬೇಕಿತ್ತು. ಕೂರಲಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದು ಇನ್ನೂ ನನಗೆ ತಿಳಿದಿಲ್ಲ.

ದಿನಚರಿಯನ್ನಾದರೂ ಪೂರ್ತಿ ನಂಬಬಹುದೇ? ಅದನ್ನು ಬರೆದವಳೂ ನಾನೇ.

ಈಚೆಗೆ ಶಿಕ್ಷಕಿಯರಾಗಿ ಸೇರಿದ ಪರಿಚಯದ ಇಬ್ಬರು ಹುಡುಗಿಯರು, "ಆಗೆಲ್ಲ ಗ್ರಾಮರ್ ಹೇಗೆ ಕಲಿಸ್ತಿದ್ರಿ ಮೇಡಂ?" ಎಂದು ಕೇಳಿದ್ದರು. ಅವರಿಗಾಗಿ ಬರೆಯಲು ಕುಳಿತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದು ಅವರ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಬಿಡುತ್ತೇನೆ.

ಆಗ ನಮ್ಮಲ್ಲಿ ಮಕ್ಕಳು ಇಂಗ್ಲಿಷ್ ಅಕ್ಷರ ಕಾಣುತ್ತಿದ್ದುದೇ ಎಂಟನೆಯ ಇಯತ್ತೆಯಲ್ಲಿ, ಅಂದರೆ ಎಂಟನೆಯ ತರಗತಿಯಲ್ಲಿ. ನಮ್ಮ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿದ್ದು ನಾನು ಕೆಲಸಕ್ಕೆ ಸೇರಿದ ವರ್ಷವೇ. ಸರ್ಕಾರ ಬದಲಾದರೂ ಬಹಳ ಕಾಲ ಶಾಲೆಯೊಳಗೆ ಇಯತ್ತೆ ಇಯತ್ತೆಯಾಗಿಯೇ ಉಳಿಯಿತು, ಮಾಸ್ತರು ಮಾಸ್ತರಾಗಿಯೇ ಉಳಿದರು. ಹೆಂಗಸರು ಕಲಿಸಿದರೆ ಅಕ್ಕೋರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನಗೆ ಎರಡು ನಾಟಕಗಳ ಸ್ವಗತಗಳು ಬಾಯಿಗೆ ಬರುತ್ತಿದ್ದವು. ಅಕ್ಷರ ಕಲಿತು ಮೂರು ತಿಂಗಳಾದ ಮಕ್ಕಳಿಗೆ ಒಂದು ವಾಕ್ಯದ ಕೈಕಾಲು ಎಲ್ಲಿದೆ ಎಂದು ತೋರಿಸುವುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ತೋರಿಸಲು ಶಾಲೆಯಲ್ಲಿ ಒಂದು ಪದ್ಧತಿ ಇತ್ತು, ಅದರ ಯಜಮಾನರು ಕಾಮತ ಮಾಸ್ತರು. ಐವತ್ತು ದಾಟಿದವರು, ಕುಮಟೆಯ ಕಡೆಯವರು, ಕೋಟಿನ ಜೇಬಿನಲ್ಲಿ ಸದಾ ಒಂದು ಮರದ ಪಟ್ಟಿ. ಬೋರ್ಡಿನ ಮೇಲೆ ಆರು ಮನೆಗಳ ಕೋಷ್ಟಕ ಎಳೆಯುತ್ತಿದ್ದರು: ಕರ್ತೃ, ಕರ್ತೃವಿನ ವಿಶೇಷಣ, ಕ್ರಿಯಾಪದ, ಕರ್ಮ, ಪೂರಕ, ಕೊನೆಗೆ ಉಳಿದದ್ದೆಲ್ಲ ಹೋಗಿ ಬೀಳುವ ಒಂದು ದೊಡ್ಡ ಮನೆ. ವಾಕ್ಯವನ್ನು ಕತ್ತರಿಸಿ ಆ ಮನೆಗಳಲ್ಲಿ ತುಂಬಬೇಕು. ಮಕ್ಕಳ ಪಟ್ಟಿ ಪುಸ್ತಕ ನೋಡುವಾಗ ಮಾಸ್ತರು ಮೊದಲು ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. "ಗೆರೆ ಸೊಟ್ಟ. ಮತ್ತೆ ಹಾಕು." ಒಳಗೆ ಏನು ಬರೆದಿದೆ ಎಂಬುದು ಆಮೇಲಿನ ಮಾತು. ನಾನೂ ಅದನ್ನೇ ಮಾಡಿದೆ. ಮೊದಲ ವರ್ಷ ನನ್ನ ತರಗತಿಯಲ್ಲಿ ಶಿರಸಿಯ ಅತ್ಯಂತ ನೇರವಾದ ಗೆರೆಗಳಿದ್ದವು. ವಾಕ್ಯ ಯಾರಿಗೂ ಬರುತ್ತಿರಲಿಲ್ಲ.

ಎರಡನೆಯ ವರ್ಷ ಇರಬೇಕು. ಬನವಾಸಿ ಕಡೆಯ ಒಕ್ಕಲುತನದ ಮನೆಯ ಹುಡುಗ ಚನ್ನಬಸಪ್ಪ ಎದ್ದು ನಿಂತ. ಶಿರಸಿಯಲ್ಲಿ ಸೋದರಮಾವನ ಕಿರಾಣಿ ಅಂಗಡಿಯ ಅಟ್ಟದ ಮೇಲೆ ಇದ್ದು ಓದುತ್ತಿದ್ದವನು.

"ಅಕ್ಕೋರ, ಒಂದು ಕೇಳ್ಲ್ಯಾ?"

"ಕೇಳು."

"ನಾವು 'ನಾನು ರೊಟ್ಟಿ ತಿಂದೆ' ಅಂತೀವ್ರಿ. ಈ ಇಂಗ್ಲಿಷ್ನ್ಯಾಗ 'ನಾನು ತಿಂದೆ ರೊಟ್ಟಿ' ಅಂತಾರ. ತಿಂದು ಮುಗಿಸಿದ ಮ್ಯಾಲೆ ರೊಟ್ಟಿ ಎಲ್ಲಿಂದ ಬಂತ್ರಿ?"

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಆದರೆ ಅವನು ನಗುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಆರು ಮನೆಗಳ ಕೋಷ್ಟಕದಲ್ಲಿ ಅದು ಇರಲಿಲ್ಲ. ಮೂವರನ್ನು ಮುಂದೆ ಕರೆದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಒಂದೊಂದು ಪದ ಬರೆದು ಒಬ್ಬೊಬ್ಬರ ಕೈಗೆ ಕೊಟ್ಟೆ. ಚನ್ನಬಸಪ್ಪನೇ ರೊಟ್ಟಿ. ಮೊದಲು ಕನ್ನಡದ ಸಾಲಿನಲ್ಲಿ ನಿಲ್ಲಿಸಿದೆ. ಆಮೇಲೆ "ಈಗ ಇಂಗ್ಲಿಷ್" ಎಂದೆ. 'ತಿಂದೆ' ಹಿಡಿದವನೂ ರೊಟ್ಟಿಯೂ ಜಾಗ ಬದಲಾಯಿಸಿಕೊಂಡರು. ಮತ್ತೆ ಕನ್ನಡ, ಮತ್ತೆ ಇಂಗ್ಲಿಷ್. ಐದಾರು ಸಲ ಓಡಾಡಿದ ಮೇಲೆ ಚನ್ನಬಸಪ್ಪ, "ಗೊತ್ತಾತು ಬಿಡ್ರಿ, ಅವರೂರಾಗ ಹಂಗ" ಎಂದು ಹೋಗಿ ಕುಳಿತ. ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊನೆಯವರೆಗೂ ಕೊಡಲಾಗಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ವಾಕ್ಯಗಳು ನಿಲ್ಲತೊಡಗಿದವು. 'ದಿ ಮಿಲ್ಕ್ ಈಸ್ ಹಾಟ್' ಎಂದು ನಾಲ್ವರು ನಿಂತರೆ ಅದು ಹೇಳಿಕೆ. 'ಈಸ್' ಹಿಡಿದವಳು ಸಾಲಿನ ಮೊದಲ ಜಾಗಕ್ಕೆ ಓಡಿದರೆ ಪ್ರಶ್ನೆ. 'ನಾಟ್' ಎಂಬ ಹಾಳೆ ಹಿಡಿದವನು ನಡುವೆ ತೂರಿದರೆ ನಿಷೇಧ. ಉದ್ಗಾರ ವಾಕ್ಯಕ್ಕೆ ಎಲ್ಲರೂ ಕಣ್ಣರಳಿಸಬೇಕು. ಕೋಷ್ಟಕವನ್ನು ಬಿಡಲಿಲ್ಲ, ಪರೀಕ್ಷೆಯಲ್ಲಿ ಅದೇ ಬರುತ್ತಿತ್ತಲ್ಲ. ಆದರೆ ಸಾಲಿನಲ್ಲಿ ನಿಂತು ಬಂದವರಿಗೆ ಕೋಷ್ಟಕ ತಾನಾಗಿ ಬರುತ್ತಿತ್ತು. ತಾನು ನಿಂತಿದ್ದ ಜಾಗವನ್ನು ಯಾವ ಮಗು ಮರೆಯುತ್ತದೆ?

ಕಾಮತ ಮಾಸ್ತರು ಕಿಟಕಿಯಿಂದ ಇಣುಕಿ, "ಬಾಯೀ, ಇದು ಇಂಗ್ಲಿಷ್ ಕ್ಲಾಸೋ, ಮದುವೆ ದಿಬ್ಬಣವೋ? ವಾಲಗದವರನ್ನು ಕಳಿಸಲೇನು?" ಎಂದರು. ಮುಂದಿನ ತಿಂಗಳು ಅವರ ತರಗತಿಯ ಹುಡುಗರು ನಮ್ಮ ಹಾಳೆಗಳನ್ನು ಕಡ ಕೇಳಲು ಬಂದರು. ಮಾಸ್ತರು ಕಳಿಸಿದ್ದಾರೆಂದು ಹೇಳಬಾರದು ಎಂದು ಮಾಸ್ತರೇ ಹೇಳಿದ್ದರಂತೆ. ಅದನ್ನೂ ಹೇಳಿಬಿಟ್ಟರು.

ಶಿರಸಿಯಿಂದ ಯಲ್ಲಾಪುರಕ್ಕೆ ಹೋದೆ. ಅಲ್ಲಿಯ ಒಂದು ಪ್ರಸಂಗ ನೆನಪಿದ್ದ ಹಾಗೆಯೇ ದಿನಚರಿಯಲ್ಲೂ ಇದೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. 'ಯು ಓಪನ್ ದಿ ಡೋರ್' ಎಂದು ನಾಲ್ವರನ್ನು ನಿಲ್ಲಿಸಿದ್ದೆ. 'ಯು' ಹಿಡಿದವನು ಇಸ್ಮಾಯಿಲ್, ಲಾರಿ ಇಟ್ಟುಕೊಂಡಿದ್ದ ಮನೆಯ ಹುಡುಗ, ಆ ದಿನಕ್ಕೆಂದು ಹೊಸ ಟೊಪ್ಪಿ ಹಾಕಿಕೊಂಡು ಬಂದಿದ್ದ. ಇನ್‌ಸ್ಪೆಕ್ಟರು, "ಇದನ್ನು ಆಜ್ಞಾರ್ಥಕ ಮಾಡಿ" ಎಂದರು. ಆಜ್ಞೆಯಲ್ಲಿ ಕರ್ತೃವನ್ನು ಹೇಳುವುದಿಲ್ಲವಲ್ಲ, ನಾನು ಇಸ್ಮಾಯಿಲ್‌ಗೆ, "ನೀನು ಸಾಲು ಬಿಟ್ಟು ಹೋಗು" ಎಂದೆ. ಅವನು ಹೋಗಲಿಲ್ಲ. ಕಣ್ಣು ತುಂಬಿಕೊಂಡು, "ನಾನ್ ಏನ್ ಮಾಡ್ದೆ ಅಕ್ಕೋರೆ? ಬಾಗ್ಲನ್ನೇ ಕಳ್ಸಿ" ಎಂದ.

ಮರುದಿನ ಅವನ ತಂದೆ ಬಂದರು. "ನಮ್ ಬೇಟಾನ್ನ ಸಾಹೇಬ್ರ ಮುಂದೆ ಹೊರಗ್ ಹಾಕಿದ್ರಂತೆ. ಏನ್ ಕಸೂರ್ ಮಾಡ್ದ?" ನಾನು ಹಾಳೆ ತಂದು ತೋರಿಸಿ ಎಲ್ಲವನ್ನೂ ವಿವರಿಸಿದೆ. ಅವರು ಗಡ್ಡ ಸವರಿಕೊಂಡು, "ಸರಿ ಬಿಡಿ. ನಾನೂ ಕ್ಲೀನರ್‌ಗೆ 'ಗಾಡಿ ತೊಳಿ' ಅಂತೀನಿ. 'ನೀನು' ಅನ್ನೋಕೆ ಪುರಸತ್ ಎಲ್ಲಿದೆ?" ಎಂದು ನಕ್ಕು ಹೋದರು. ಆಮೇಲೆ ಎಷ್ಟೋ ವರ್ಷ ಆಜ್ಞಾರ್ಥಕ ವಾಕ್ಯಕ್ಕೆ ನನ್ನ ಮೊದಲ ಉದಾಹರಣೆ ಆ ಲಾರಿಯೇ ಆಗಿತ್ತು.

ಯಲ್ಲಾಪುರದಲ್ಲಿದ್ದಾಗಲೇ ಹೊಸ ಪದ್ಧತಿಯ ತರಬೇತಿಗೆ ಕಳಿಸಿದರು. ಇನ್ನು ಮುಂದೆ ವ್ಯಾಕರಣದ ಹೆಸರುಗಳನ್ನು ಹೇಳಬಾರದು, ಒಂದೇ ಮಾದರಿಯ ವಾಕ್ಯಗಳನ್ನು ಬಾಯಲ್ಲಿ ಆಡಿಸಬೇಕು, ಪದ ಬದಲಿಸುತ್ತ ಹೋಗಬೇಕು ಎಂದರು. ನನಗೆ ಸಂತೋಷವೇ ಆಯಿತು, ಅರ್ಧ ನಾನು ಮಾಡುತ್ತಿದ್ದುದೇ. ಆದರೆ ಪ್ರಶ್ನೆಪತ್ರಿಕೆ ಬರೆಯುವವರು ಆ ತರಬೇತಿಗೆ ಬಂದಿರಲಿಲ್ಲವೋ ಏನೋ. ಪರೀಕ್ಷೆಯಲ್ಲಿ ಕೋಷ್ಟಕ ಹಾಗೆಯೇ ಉಳಿಯಿತು. ಹೀಗಾಗಿ ನಮ್ಮ ಮಕ್ಕಳು ಒಂದು ರೀತಿಯಲ್ಲಿ ಕಲಿತು ಇನ್ನೊಂದು ರೀತಿಯಲ್ಲಿ ಬರೆಯಬೇಕಾಯಿತು. ನಡುವಿನ ಸೇತುವೆ ಎಂದರೆ ಆ ಸಾಲು. ಯುವ ಶಿಕ್ಷಕಿಯರು ಇದೊಂದನ್ನು ಗಮನದಲ್ಲಿಡಬೇಕು, ಏಕೆಂದರೆ ಮುಂದೆ ಆದದ್ದು ಇದರಿಂದಲೇ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಗಂಡನಿಗೆ ಸಿದ್ದಾಪುರಕ್ಕೆ ವರ್ಗವಾಯಿತು, ನಾನೂ ಅಲ್ಲಿಯ ಹೈಸ್ಕೂಲಿಗೆ ಸೇರಿದೆ. ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗಂಡನ ಊರಾದ ದೊಡ್ಮನೆಯಿಂದ ಸುಶೀಲೆ ನಮ್ಮಲ್ಲಿಗೆ ಬಂದಳು. ಅವಳ ಊರಿನಲ್ಲಿ ಏಳರ ಆಚೆ ಶಾಲೆ ಇರಲಿಲ್ಲ. ಪೇಟೆಯ ಶಾಲೆಯಲ್ಲಿ ಎಂಟು ಮುಗಿಸಿ, ದೂರದ ನೆಂಟರ ಮನೆಯಲ್ಲಿ ಇರುವುದು ಸಾಕಾಗಿದ್ದ ಹುಡುಗಿ. ಬಂದ ದಿನವೇ ಹೇಳಿದಳು:

"ಅತ್ಗೆ, ಆನು ಮೆಟ್ರಿಕ್ ಮಾಡಿ ಟ್ರೇನಿಂಗಿಗೆ ಹೋಗ್ತೆ. ಅಕ್ಕೋರಾಗ್ತೆ. ನಿಮ್ಮ ಹಂಗೆ."

ಮನೆಯ ಹಿರಿಯರಾದ ದೊಡ್ಡ ಭಾವನವರು ಅವಳ ಹಾಸಿಗೆ, ಟ್ರಂಕು ಇಳಿಸಿ ಹೊರಡುವಾಗ ಇನ್ನೊಂದು ಮಾತು ಹೇಳಿದರು. "ನೋಡು, ಮೆಟ್ರಿಕ್ಕಿಗೆ ಒಂದೇ ಸಲ. ಆತು ಅಂದ್ರೆ ಟ್ರೇನಿಂಗು. ಆಗ್ಲಿಲ್ಲೆ ಅಂದ್ರೆ ಆ ವರ್ಷವೇ ಮದುವೆ. ಆಮೇಲೆ ಎಂಗೆ ಹೇಳಡ." ಆಮೇಲೆ ತನಗೇನೂ ಹೇಳಬಾರದು ಎಂಬ ಆ ಕರಾರಿಗೆ ಸುಶೀಲೆ ಗೋಣು ಹಾಕಿದಳು. ನಾನೂ ಹಾಕಿದೆ.

ಶಾಲೆ ಸೇರಿದ ವಾರವೇ ಹೆಡ್‌ಮಾಸ್ತರರು ನನ್ನನ್ನು ಕರೆದು, ಹಿಂದೊಮ್ಮೆ ಒಬ್ಬ ಮಾಸ್ತರರು ತಮ್ಮ ಸೋದರಳಿಯನಿಗೆ ಅಂಕ ಏರಿಸಿ ಊರಲ್ಲೆಲ್ಲ ಮಾತಾದ ಕಥೆ ಹೇಳಿದರು. "ನಿಮ್ಮ ಮನೆಯವಳೇ ಕ್ಲಾಸಿನಲ್ಲಿ ಇದ್ದಾಳೆ. ಜೋಪಾನ." ನಾನು ಜೋಪಾನವಾದೆ. ಆಗ ನನಗೆ ಇಪ್ಪತ್ತೆಂಟರ ಸುಮಾರು. ಯಾರೂ ಬೆರಳು ತೋರಿಸಬಾರದು ಎಂಬ ಹಟ. ಶಾಲೆಯಲ್ಲಿ ನನ್ನನ್ನು ಅತ್ತಿಗೆ ಎನ್ನಬಾರದು ಎಂದೆ. ಒಟ್ಟಿಗೆ ನಡೆದು ಹೋಗುವುದನ್ನು ನಿಲ್ಲಿಸಿದೆ, ಅವಳು ಹತ್ತು ನಿಮಿಷ ಮುಂಚೆ ಹೊರಡುತ್ತಿದ್ದಳು. ಪ್ರಶ್ನೆಪತ್ರಿಕೆ ತೆಗೆಯುವವಳು ನಾನೇ ಆದ್ದರಿಂದ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವುದಿಲ್ಲ ಎಂದೆ. ತರಗತಿಯಲ್ಲಿ ಅವಳನ್ನು ಪ್ರಶ್ನೆ ಕೇಳುವುದಿಲ್ಲ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಸುಮ್ಮನೆ ಕೇಳುತ್ತಿರಲಿಲ್ಲ. ವಾಕ್ಯ ನಿಲ್ಲಿಸುವಾಗ ಅವಳ ಬೆಂಚಿನಿಂದ ಎಡಕ್ಕೋ ಬಲಕ್ಕೋ ಇದ್ದವರನ್ನು ಕರೆಯುತ್ತಿದ್ದೆ.

ಹುಡುಗಿಯರು ಅವಳನ್ನು ಕಾಡುತ್ತಿದ್ದುದು ನನ್ನ ಕಿವಿಗೂ ಬಿದ್ದಿದೆ. "ನಿಂಗೆಂತ ಕಷ್ಟವೇ? ಸಾಲಲ್ಲಿ ನಿಲ್ಲದೂ ಬ್ಯಾಡ. ಮನೆಲೇ ಎಲ್ಲಾ ಹೇಳ್ಕೊಡ್ತ್ರಲೆ!" ಆ ಹೊತ್ತಿಗೆ ಮನೆಯಲ್ಲಿ ನಡೆಯುತ್ತಿದ್ದುದು ಬೇರೆ. ಸಂಜೆ ನಾನು ನಿಬಂಧಗಳ ಕಟ್ಟು ಹಿಡಿದು ಕೂತರೆ ಅವಳು ದೋಸೆಗೆ ರುಬ್ಬುತ್ತಿದ್ದಳು. ನಾನು ತಿದ್ದುತ್ತಿದ್ದುದರಲ್ಲಿ ಅವಳದೂ ಒಂದಿರುತ್ತಿತ್ತು. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಇಲ್ಲೇ ನಾಲ್ಕು ಮಾರಿನ ಆಚೆ ಒರಳಿನ ಸದ್ದು. "ಬಾ ಇಲ್ಲಿ, ಇದು ಯಾಕೆ ತಪ್ಪು ಗೊತ್ತೇ?" ಎಂದು ಒಮ್ಮೆಯೂ ಕರೆಯಲಿಲ್ಲ. ಮನೆಯವರು ಶಾಲೆಯಲ್ಲಿ ಕಲಿಯುತ್ತಾಳೆ ಎಂದುಕೊಂಡರು, ಶಾಲೆಯವರು ಮನೆಯಲ್ಲಿ ಕಲಿಯುತ್ತಾಳೆ ಎಂದುಕೊಂಡರು. ಎರಡೂ ಕಡೆ ಇದ್ದವಳು ನಾನು. ಎರಡೂ ಸುಳ್ಳು ಎಂದು ಗೊತ್ತಿದ್ದವಳೂ ನಾನೊಬ್ಬಳೇ.

ಕೊನೆಯ ವರ್ಷ ಪಬ್ಲಿಕ್ ಪರೀಕ್ಷೆಗೆ ಮೊದಲು ಶಾಲೆಯಲ್ಲೇ ಪ್ರಿಲಿಮಿನರಿ ಎಂಬ ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಎಲ್ಲ ವಿಷಯಗಳಲ್ಲಿ ಪಾಸಾದವರ ಫಾರ್ಮನ್ನು ಮಾತ್ರ ಶಾಲೆ ಮುಂದಕ್ಕೆ ಕಳಿಸುತ್ತಿತ್ತು. ಶಾಲೆಯ ಫಲಿತಾಂಶ ಚೆನ್ನಾಗಿ ಕಾಣಲಿ ಎಂದು ಮಾಡಿಕೊಂಡಿದ್ದ ವ್ಯವಸ್ಥೆ ಅದು. ಸುಶೀಲೆ ಗಣಿತದಲ್ಲಿ, ಕನ್ನಡದಲ್ಲಿ, ಎಲ್ಲದರಲ್ಲೂ ಚೆನ್ನಾಗಿ ಪಾಸಾದಳು. ಇಂಗ್ಲಿಷಿನಲ್ಲಿ ಮೂವತ್ಮೂರು. ಮೂವತ್ತೈದು ಬೇಕಿತ್ತು.

ಅವಳ ಉತ್ತರಪತ್ರಿಕೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇದನ್ನಾದರೂ ನಂಬಿ ಎಂದು ಓದುವವರನ್ನು ಕೇಳಿಕೊಳ್ಳುತ್ತೇನೆ. ವಾಕ್ಯ ವಿಭಜನೆಯ ಪ್ರಶ್ನೆಗೆ ಪೂರ್ತಿ ಪುಟ ಬಿಟ್ಟಿದ್ದಳು. ಪಟ್ಟಿ ಹಿಡಿದು ಆರು ಮನೆಗಳನ್ನು ಎಳೆದಿದ್ದಳು, ಪ್ರತಿ ಮನೆಗೂ ಮೇಲೆ ಹೆಸರು ಬರೆದಿದ್ದಳು. ಒಳಗೆ ಏನೂ ಇರಲಿಲ್ಲ. ಗೆರೆಗಳಿಗೆ ಅಂಕ ಕೊಡುವ ಪದ್ಧತಿ ಇರಲಿಲ್ಲ.

ಹೆಡ್‌ಮಾಸ್ತರರೇ ಹೇಳಿದರು. ಅದೇ ಮನುಷ್ಯ, ಜೋಪಾನ ಎಂದವರು. "ಎರಡು ಗ್ರೇಸ್ ಮಾರ್ಕು ಹಾಕಿ, ಅಕ್ಕೋರೆ. ಜಾಣ ಹುಡುಗಿ. ನಾನು ಸಹಿ ಮಾಡ್ತೆ."

"ಬೇಡ ಸರ್. ನಾಳೆ ಜನ ಆಡಿಕೊಳ್ತಾರೆ."

"ಅವಳಿಗೆ ಹೋಗುವುದು ವರ್ಷ. ನಿಮಗೆ ಹೋಗುವುದು ಎಂತ? ನಾಲ್ಕು ಮಾತು."

"ಬೇಡ" ಎಂದೆ.

ಈ ಸಂಭಾಷಣೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಶಿಕ್ಷಕರು ಹೇಗೆ ನಿಷ್ಪಕ್ಷಪಾತಿಗಳಾಗಿರಬೇಕು ಎಂಬುದಕ್ಕೆ ಉದಾಹರಣೆಯಾಗಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆ ವರ್ಷ ಯಾರಿಗೂ ಗ್ರೇಸ್ ಕೊಡಲಿಲ್ಲ ಎಂದೇ ನನ್ನ ನೆನಪು ಹೇಳುತ್ತಿತ್ತು. ನಿವೃತ್ತಿಯಾದ ಮೇಲೆ ಆ ದಿನದ ಪುಟ ತೆಗೆದೆ. ನನ್ನದೇ ಕೈಬರಹ: "ಇಬ್ಬರು ಹುಡುಗರಿಗೆ ಗ್ರೇಸ್. ಸುಶೀಲೆಗೆ ಇಲ್ಲ. ಸರಿಯಾಯಿತು."

ಆ 'ಸರಿಯಾಯಿತು' ಎಂಬುದನ್ನು ಯಾವ ಮುಖ ಮಾಡಿಕೊಂಡು ಬರೆದೆನೋ.

ಮನೆಗೆ ಹೋಗಿ ಹೇಳಿದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. "ಎರಡಾ?" ಎಂದು ಕೇಳಿದಳು. "ಎರಡು" ಎಂದೆ. "ಅಡ್ಡಿಲ್ಲೆ ಅತ್ಗೆ" ಎಂದಳು. ನನ್ನ ಸೀರೆಯನ್ನು ಮಡಚಿ ಮುಗಿಸಿ, ಅಂಚಿಗೆ ಅಂಚು ಕೂಡಿಸಿ, ನನ್ನ ಕೈಗೆ ಕೊಟ್ಟಳು. ಅತ್ತಳೇ? ನಾನು ನೋಡಲಿಲ್ಲ. ನನ್ನ ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ದೊಡ್ಡ ಭಾವ ಮಾತಿಗೆ ತಪ್ಪುವವರಲ್ಲ, ಆ ಬೇಸಿಗೆಯಲ್ಲೇ ಸೋಂದಾ ಕಡೆಯ ಒಂದು ಮನೆಗೆ ಅವಳನ್ನು ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ. ಅವಳ ಇಬ್ಬರು ಹೆಣ್ಣುಮಕ್ಕಳೂ ಓದಿದರು. ಹೀಗೆ ಬರೆದರೆ ಲೆಕ್ಕ ಸರಿಹೋಗುತ್ತದೆ ಎಂದು ನಾನೇ ನಂಬಿಕೊಂಡು ಬಂದೆ. ಅವಳು ಅಕ್ಕೋರು ಆಗಲಿಲ್ಲ ಎಂಬುದು ಮಾತ್ರ ಉಳಿಯುತ್ತದೆ.

ಇನ್ನೊಂದು ಸಮಾಧಾನವನ್ನೂ ಇಟ್ಟುಕೊಂಡಿದ್ದೆ. ಸುಶೀಲೆ ನಾಚಿಕೆಯ ಹುಡುಗಿ, ಎಲ್ಲರ ಮುಂದೆ ಸಾಲಿನಲ್ಲಿ ನಿಲ್ಲಲು ಅವಳಿಗೇ ಇಷ್ಟವಿರಲಿಲ್ಲ, ನಾನು ಕರೆಯದೆ ಇದ್ದುದರಿಂದ ಅವಳಿಗೆ ಹಾಯೆನಿಸಿರಬೇಕು, ಎಂದು. ದಿನಚರಿಯಲ್ಲೂ ಒಂದು ಕಡೆ "ಸು. ಬಹಳ ಸಂಕೋಚದವಳು" ಎಂದಿದೆ.

ಎರಡು ವರ್ಷದ ಹಿಂದೆ ಸಿದ್ದಾಪುರದ ಆ ತಂಡದ ವಿದ್ಯಾರ್ಥಿಗಳು ಸೇರಿ ನನ್ನನ್ನು ಕರೆದಿದ್ದರು. ಊಟಕ್ಕೆ ಕೂತಾಗ ಮಂಜುನಾಥ ಪಕ್ಕದಲ್ಲಿದ್ದ. ಕೋಲಸಿರ್ಸಿಯಿಂದ ದಿನಾ ನಡೆದು ಬರುತ್ತಿದ್ದ ಹುಡುಗ, ಈಗ ಅವನೂ ನಿವೃತ್ತ. ಮಾತಿನ ನಡುವೆ ನಗುತ್ತ ಹೇಳಿದ:

"ಅಕ್ಕೋರೆ, ನಿಮ್ಮ ನಾದಿನಿ ಹೆಂಗಿದ್ದು? ನಿಮ್ಮ ಕ್ಲಾಸಲ್ಲಿ ಅದರ ಕೈ ಇಳಿದಿದ್ದೇ ನಾ ಕಂಡಿದ್ನಿಲ್ಲೆ. ವಾಕ್ಯಕ್ಕೆ ಜನ ಬೇಕು ಅಂದ ಕೂಡ್ಲೇ ಎತ್ತದು. ಬೆಂಚಿಂದ ಅರ್ಧ ಎದ್ದೇ ಬಿಡ್ತಿತ್ತು. ನೀವು ಬದಿಯವರನ್ನು ಕರೀತಿದ್ರಿ. ನಂಗಕ್ಕೆಲ್ಲ ಅದೊಂದು ತಮಾಷೆ."

ಎಲೆಯ ಮೇಲೆ ಏನು ಬಡಿಸಿದ್ದರೋ ನನಗೆ ನೆನಪಿಲ್ಲ.

ಅವನೂ ತಪ್ಪು ನೆನಪಿಟ್ಟುಕೊಂಡಿರಬಹುದು. ಬೇರೆ ಯಾವಳೋ ಹುಡುಗಿ ಇರಬಹುದು. ನನ್ನ ಮಟ್ಟಿಗೆ, ಆ ಬೆಂಚನ್ನು ಎಷ್ಟು ನೆನೆಸಿಕೊಂಡರೂ ಎಡಗಡೆಯವಳ ಮುಖ ಕಾಣುತ್ತದೆ, ಬಲಗಡೆಯವಳ ಜಡೆ ಕಾಣುತ್ತದೆ, ನಡುವೆ ಏನೂ ಕಾಣುವುದಿಲ್ಲ. ಎರಡು ವರ್ಷ ನೋಡದೆ ಬಿಟ್ಟ ಜಾಗದ ನೆನಪು ಎಲ್ಲಿಂದ ಬರಬೇಕು?

ಹೊಸದಾಗಿ ಸೇರಿದ ಹುಡುಗಿಯರೇ, ಪದ್ಧತಿಗಳು ಬದಲಾಗುತ್ತಲೇ ಇರುತ್ತವೆ, ನಿಮಗೂ ಒಂದು ಬರುತ್ತದೆ, ಹೋಗುತ್ತದೆ. ನಾನು ಹೇಳಬಹುದಾದದ್ದು ಇಷ್ಟೆ. ನಿಮ್ಮ ಒಳ್ಳೆಯ ಹೆಸರನ್ನು ಕಾಪಾಡಿಕೊಳ್ಳುವ ಖರ್ಚನ್ನು ಯಾವ ಮಗು ಭರಿಸುತ್ತಿದೆ ಎಂದು ಆಗಾಗ ತಿರುಗಿ ನೋಡಿ. ನೋಡುವುದು ಎಂದರೆ ಕಣ್ಣಿನಿಂದಲೇ.

ಮಂಜುನಾಥ ಆ ಮಾತು ಹೇಳಿದ ಮುಂದಿನ ವಾರವೇ ಸೋಂದಾಕ್ಕೆ ಹೋದೆ. ಸುಶೀಲೆ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. "ಅತ್ಗೆ ಬಂದ್ರಾ! ಕಷಾಯ ಮಾಡ್ತೆ, ಕೂತ್ಕಳಿ" ಎಂದಳು. ಅವಳು ಏಳುವ ಮೊದಲೇ ಕೇಳಿಬಿಟ್ಟೆ. ತಡಮಾಡಿದರೆ ಕೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ಅವಳು ಕೈಯಲ್ಲಿದ್ದ ಹಣ್ಣಿನ ಬೀಜವನ್ನು ಪೂರ್ತಿ ಬಿಡಿಸಿ, ಬುಟ್ಟಿಗೆ ಹಾಕಿ, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಕಷಾಯ ತಂದಳು. ಮೊಮ್ಮಗಳ ಶಾಲೆಯ ಮಾತು ತೆಗೆದಳು. ಊರಿಗೆ ಬಂದ ಮೇಲೆ ಅದನ್ನೇ ಕಾಗದದಲ್ಲಿ ಬರೆದು ಕಳಿಸಿದೆ. ನಾಲ್ಕು ಪುಟದ ಉತ್ತರ ಬಂತು, ಅಕ್ಷರ ಇನ್ನೂ ದುಂಡಗಿದೆ. ಎಲ್ಲರ ಆರೋಗ್ಯ ಬರೆದಿದ್ದಾಳೆ, ನನ್ನ ಮೊಣಕಾಲಿಗೆ ಎಣ್ಣೆ ಹೇಳಿದ್ದಾಳೆ. ನಾನು ಕೇಳಿದ್ದಕ್ಕೆ ಒಂದು ಸಾಲೂ ಇಲ್ಲ.

ಕೇಳಿದ್ದು ಇಷ್ಟೇ: "ಸುಶೀಲೆ, ನೀನು ಕೈ ಎತ್ತುತ್ತಿದ್ದೆಯಾ?"